ಪಟ್ಟ ಮತ್ತು ಪಟ್ಟು

ಭಾನುವಾರದ ಬೆಳಗು. ಮಾಲೂರಿನ ಯಾವುದೋ ಒಂದು ಮನೆ ಎಂದಿಟ್ಟುಕೊಳ್ಳಿ. ಅಡುಗೆಮನೆಯಲ್ಲಿ ದೋಸೆಯ ಕಾವಲಿ ಕಾಯುತ್ತಿದೆ. ಒಂಬತ್ತನೆಯ ತರಗತಿಯ ಹುಡುಗ ಹಲ್ಲನ್ನೂ ಉಜ್ಜದೆ ಮೊಬೈಲಿನ ಮುಂದೆ ಕೂತುಬಿಟ್ಟಿದ್ದಾನೆ. ಅಮೆರಿಕದ ಶನಿವಾರ ರಾತ್ರಿ ಎಂದರೆ ಇಲ್ಲಿ ಭಾನುವಾರದ ತಿಂಡಿಯ ಹೊತ್ತು. ಅಲ್ಲಿ ಎಂಟು ಮೂಲೆಯ ಬೇಲಿಯೊಳಗೆ ಇಬ್ಬರು ಗಟ್ಟಿಗರು ಸೆಣಸುತ್ತಿದ್ದಾರೆ.

“ಬೆಳಬೆಳಿಗ್ಗೇನೇ ಏನೋ ಅದು ಹೊಡೆದಾಟ? ಆರಿಸೋ.”

“ಹೊಡೆದಾಟ ಅಲ್ಲಪ್ಪಾ, ಇದೂ ಒಂದು ಆಟ. ಎಂ.ಎಂ.ಎ. ಅಂತಾರೆ.”

“ಬಿದ್ದವನ ಎದೆ ಮೇಲೆ ಕೂತು ಗುದ್ದೋದು ಯಾವ ಸೀಮೆ ಆಟವೋ?”

ಇದೇ ಮಾತುಕತೆ ಕೋಲಾರದಲ್ಲೂ ಮುಳಬಾಗಿಲಿನಲ್ಲೂ, ಶ್ರೀನಿವಾಸಪುರದ ಮಾವಿನ ಮಂಡಿಯ ಹಿಂದಿನ ಬೀದಿಯಲ್ಲೂ, ಕೆಲವು ಮನೆಗಳಲ್ಲಿ ಕನ್ನಡದಲ್ಲಿ, ಕೆಲವು ಮನೆಗಳಲ್ಲಿ ತೆಲುಗಿನಲ್ಲಿ ನಡೆಯುವಂಥದ್ದೇ. ಅಪ್ಪನ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಮಗನ ಉತ್ತರವೂ ಸುಳ್ಳಲ್ಲ. ಇಬ್ಬರ ನಡುವೆ ಇರುವ ವ್ಯಾಜ್ಯ ತೀರಬೇಕಾದರೆ ಇಬ್ಬರೂ ಒಟ್ಟಿಗೆ ಕೂತು ನೋಡಬೇಕಾದ ಕಾಳಗ ಒಂದಿದೆ. ಅದು ನಡೆದದ್ದು ಅಬುಧಾಬಿಯಲ್ಲಿ, 2020ರ ಅಕ್ಟೋಬರ್ 24ರಂದು. ಇಲ್ಲಿ ಆಗ ನವರಾತ್ರಿ, ಮರುದಿನ ಆಯುಧಪೂಜೆ. ಆ ರಾತ್ರಿ ಪಟ್ಟ ಉಳಿಸಿಕೊಂಡ ಖಬೀಬ್ ನುರ್ಮಗೊಮೆಡೊವ್ ಎಂಬ ಗಟ್ಟಿಗ ಕೈಯೆತ್ತಿ ಕುಣಿಯಲಿಲ್ಲ. ಕಟ್ಟೆಯ ನಟ್ಟನಡುವೆ ಮಂಡಿಯೂರಿ, ನೆಲಕ್ಕೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತ. ಆಮೇಲೆ ಕೈಗವಸುಗಳನ್ನು ಬಿಚ್ಚಿ ಅಲ್ಲೇ ಇಟ್ಟು ಎದ್ದುಹೋದ.

ಗೆದ್ದವನು ಅತ್ತದ್ದೇಕೆ? ಅದಕ್ಕೆ ಬರುವ ಮೊದಲು ಆಟದ ಪರಿಚಯವಾಗಬೇಕು.

ಎಂ.ಎಂ.ಎ. ಎಂದರೆ ಮಿಶ್ರ ಸಮರಕಲೆ. ಮುಷ್ಟಿಯುದ್ಧದ ಗುದ್ದು, ಥಾಯ್ ದೇಶದ ಕಾಲೊದೆ, ಕುಸ್ತಿಯ ಎತ್ತಿ ಕೆಡವುವ ವರಸೆ, ಜೂಡೋ ಮತ್ತು ಜಿಜುತ್ಸುಗಳ ಕೈಕಾಲು ತಿರುಚುವ, ಕತ್ತು ಬಿಗಿಯುವ ಪಟ್ಟು, ಇವೆಲ್ಲ ಒಂದೇ ಕಟ್ಟೆಯ ಮೇಲೆ. ಯಾರು ಹೆಚ್ಚು, ಗುದ್ದುವವನೋ ಕೆಡವುವವನೋ ಎಂಬ ಹಳೆಯ ಜಗಳವನ್ನು ತೀರಿಸಲೆಂದು ಅಮೆರಿಕದ ಡೆನ್ವರ್ ನಗರದಲ್ಲಿ 1993ರ ನವೆಂಬರ್ 12ರಂದು ಒಂದು ಕೂಟ ನಡೆಯಿತು. ಈಗ ಯು.ಎಫ್.ಸಿ. ಎಂದು ಜಗತ್ತೆಲ್ಲ ಬಲ್ಲ ಸಂಸ್ಥೆಯ ಮೊದಲ ಕೂಟ ಅದು. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು ಎಂಬಂಥ ಒಂದೆರಡು ಕಟ್ಟಳೆ ಬಿಟ್ಟರೆ ಹೆಚ್ಚಿನ ನಿಯಮವಿರಲಿಲ್ಲ. ತೂಕದ ವರ್ಗಗಳೂ ಇರಲಿಲ್ಲ. ಗೆದ್ದವನು ಬ್ರೆಜಿಲಿನ ರಾಯ್ಸ್ ಗ್ರೇಸಿ. ನೋಡಲು ಸಣಕಲ. ಒಂದೇ ರಾತ್ರಿ ಮೂವರನ್ನು ಸೋಲಿಸಿದ, ಮೂವರನ್ನೂ ನೆಲಕ್ಕೆಳೆದು ಪಟ್ಟು ಹಾಕಿ. ಈ ಆಟವನ್ನು ನಿಷೇಧಿಸಬೇಕೆಂದು ಅಮೆರಿಕದಲ್ಲೇ ಗದ್ದಲವೆದ್ದಿತು. ಆಮೇಲಾಮೇಲೆ ತೂಕದ ವರ್ಗ, ಐದೈದು ನಿಮಿಷದ ಸುತ್ತು, ವೈದ್ಯರ ತಪಾಸಣೆ, ನಿಷಿದ್ಧ ಹೊಡೆತಗಳ ಉದ್ದನೆಯ ಪಟ್ಟಿ, ಇವೆಲ್ಲ ಬಂದವು. ಸಾಮಾನ್ಯ ಕಾಳಗಕ್ಕೆ ಮೂರು ಸುತ್ತು, ಪಟ್ಟದ ಕಾಳಗಕ್ಕೆ ಐದು.

ಆದರೆ ಎಲ್ಲ ನಿಯಮಗಳಿಗಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಪಟ್ಟಿಗೆ ಸಿಕ್ಕಿದವನು ಎದುರಾಳಿಯ ಮೈಯನ್ನೋ ನೆಲವನ್ನೋ ಅಂಗೈಯಿಂದ ಎರಡು ಮೂರು ಸಲ ತಟ್ಟಿದರೆ ಸೋಲೊಪ್ಪಿದಂತೆ. ತಟ್ಟಿದ ಕೂಡಲೇ ಪಟ್ಟು ಸಡಿಲಬೇಕು. ಗರಡಿಮನೆಯ ಮಾತಿನಲ್ಲಿ ಹೇಳುವುದಾದರೆ, ತೊಡೆ ತಟ್ಟಿ ಒಳಗೆ ಬಂದವನು ನೆಲ ತಟ್ಟಿ ಹೊರಗೆ ಹೋಗಬಹುದು. ಸಡಿಲಿಸದಿದ್ದರೆ ಮೊಣಕೈ ಮುರಿಯುತ್ತದೆ. ಕತ್ತಿನ ಪಟ್ಟಾದರೆ ಮಿದುಳಿಗೆ ಹೋಗುವ ರಕ್ತ ತಡೆದು ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ. ಬೀದಿಯ ಹೊಡೆದಾಟಕ್ಕೂ ಈ ಆಟಕ್ಕೂ ಇರುವ ಅಂತರವೆಲ್ಲ ಆ ಒಂದು ತಟ್ಟಿನಲ್ಲಿದೆ.

ಎಲ್ಲಿ ನಿಲ್ಲಬೇಕೆಂದು ತಿಳಿಯದ ಕಾಳಗದ ಕಥೆ ಕೋಲಾರದವರಿಗೆ ಹೊಸದಲ್ಲ. ಊರಿನ ಹೆಸರೇ ಅದರಿಂದ ಬಂದದ್ದೆಂದು ಸ್ಥಳಪುರಾಣ ಹೇಳುತ್ತದೆ. ಜಮದಗ್ನಿಯ ಆಶ್ರಮದ ಸುರಭಿ ಧೇನುವಿಗೆ ಕಾರ್ತವೀರ್ಯಾರ್ಜುನ ಕೈಹಾಕಿದ. ಪರಶುರಾಮ ಅವನನ್ನು ಕೊಂದ. ಅವನ ಮಕ್ಕಳು ಬಂದು ಜಮದಗ್ನಿಯನ್ನು ಕೊಂದರು. ಪರಶುರಾಮ ಇಪ್ಪತ್ತೊಂದು ಸಲ ಕ್ಷತ್ರಿಯರನ್ನು ಅರಸಿಕೊಂಡು ಹೊರಟ. ಆ ಯುದ್ಧದ ಕೋಲಾಹಲವೇ ಕೋಲಾಹಲಪುರವಾಗಿ ಕೋಲಾರವಾಯಿತಂತೆ. ಪರಶುರಾಮನ ತಾಯಿ ರೇಣುಕೆಯೇ ಕೋಲಾರಮ್ಮ ಎಂಬ ನಂಬಿಕೆಯೂ ಇದೆ. ಇಪ್ಪತ್ತೊಂದು ಸುತ್ತು! ಯಾರೂ ನೆಲ ತಟ್ಟಲಿಲ್ಲ, ತಟ್ಟಿದ್ದರೂ ಕೇಳುವವರಿರಲಿಲ್ಲ.

ಗುದ್ದು ಮತ್ತು ಕುಸ್ತಿ ಬೆರೆತ ಆಟ ವಿದೇಶದಿಂದ ಬಂದ ಪಿಡುಗು ಎಂದು ಗೊಣಗುವ ಹಿರಿಯರು ಮುಳಬಾಗಿಲಿನ ಚರಿತ್ರೆಯನ್ನು ಸ್ವಲ್ಪ ತಿರುವಬೇಕು. ವಿಜಯನಗರದ ಕಾಲದಲ್ಲಿ ಈ ಊರು ‘ಮುಳುವಾಯಿ ರಾಜ್ಯ’ ಎಂಬ ಪ್ರಾಂತದ ರಾಜಧಾನಿ. ಬುಕ್ಕರಾಯನ ಮಗ ಕಂಪಣ ಇಲ್ಲಿಂದ ಆಳುತ್ತಿದ್ದ, ಮುಂದೆ ಮಧುರೆಯ ಸುಲ್ತಾನನ ಮೇಲೆ ದಂಡೆತ್ತಿ ಹೋದ. ಅವನ ಮಡದಿ ಗಂಗಾದೇವಿ ಬರೆದ ‘ಮಧುರಾ ವಿಜಯಂ’ ಕಾವ್ಯ ಮುಗಿಯುವುದು ಸುಲ್ತಾನನಿಗೂ ಕಂಪಣನಿಗೂ ನಡೆದ ದ್ವಂದ್ವಯುದ್ಧದಲ್ಲಿ. ಈ ಸೀಮೆ ಸೇರಿದ್ದ ಆ ಸಾಮ್ರಾಜ್ಯದ ರಾಜಧಾನಿಗೆ ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಮಲ್ಲಯುದ್ಧವನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಅದು ತಮ್ಮ ದೇಶದ ಕುಸ್ತಿಯಂತಲ್ಲ ಎಂಬುದೇ ಅವನ ಅಚ್ಚರಿ. ಕೆಡವುವುದರ ಜೊತೆಗೆ ಹಲ್ಲು ಉದುರುವಂಥ, ಮುಖ ವಿಕಾರವಾಗುವಂಥ ಹೊಡೆತಗಳೂ ಇದ್ದವು. ಮಾತು ನಿಂತವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರು. ಇವತ್ತಿನ ಎಂ.ಎಂ.ಎ.ಗೂ ಇದಕ್ಕೂ ಏನು ದೂರ?

ಸುಮಾರು ಹದಿನೈದು ವರ್ಷದ ಮೇಲೆ ಬರೆದ ಫರ್ನಾವೊ ನೂನಿಜ್ ಇನ್ನೊಂದು ಸಂಗತಿ ಹೇಳುತ್ತಾನೆ. ಮಲ್ಲರು ಮೊನೆಯುಳ್ಳ ಬಳೆಯಂಥ ಆಯುಧವನ್ನು ಕೈಗೆ ತೊಟ್ಟು ಹೊಡೆದಾಡುತ್ತಿದ್ದರಂತೆ. ಕೊನೆಗೆ ಹೆಚ್ಚು ಗಾಯಗೊಂಡವನು ಅರಸನಿಂದ ರೇಷ್ಮೆಯ ವಸ್ತ್ರವನ್ನು ಉಡುಗೊರೆಯಾಗಿ ಪಡೆದು ಹೋಗುತ್ತಿದ್ದನಂತೆ. ಗಾಯಗೊಂಡವನಿಗೆ ರೇಷ್ಮೆ! ಶಾಲೆಯ ವಾರ್ಷಿಕೋತ್ಸವದಲ್ಲಿ ಮೂರನೆಯ ಬಹುಮಾನದವರೆಗೆ ಮಾತ್ರ ಲೋಟ ಹಂಚುವವರು ಇದನ್ನು ಒಮ್ಮೆ ಓದಿಕೊಳ್ಳಬಹುದು.

ಆ ಮೊನೆಯ ಬಳೆಯ ಕಾಳಗ ಸತ್ತುಹೋಗಿಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಂಬೂಸವಾರಿಗೆ ಮುನ್ನ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವ ಪದ್ಧತಿ ಉಳಿದು ಬಂದಿದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು, ಬಲಗೈಗೆ ಮೊನೆಯ ವಜ್ರಮುಷ್ಟಿ ತೊಟ್ಟು ಮಣ್ಣಿನ ಅಖಾಡಕ್ಕೆ ಇಳಿಯುತ್ತಾರೆ. ‘ಜಟ್ಟಿ’ ಎಂಬ ಮಾತೇ ‘ಜ್ಯೇಷ್ಠಿ’ಯಿಂದ ಬಂದದ್ದೆನ್ನುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸಿದ್ದಾರೆ, ಇವತ್ತಿನ ತೂಕದ ವರ್ಗಗಳ ಮುತ್ತಜ್ಜ ಎನ್ನಬಹುದು. ವಜ್ರಮುಷ್ಟಿ ಕಾಳಗ ಬಹಳ ಹೊತ್ತು ನಡೆಯುವುದಿಲ್ಲ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಹಿರಿಯರು ನಡುವೆ ಬಂದು ಬಿಡಿಸುತ್ತಾರೆ. ಮೊದಲ ಹನಿಗೇ ಮುಕ್ತಾಯ. ನೋಡಲು ಭಯಂಕರ, ಆದರೆ ಎಲ್ಲಿ ನಿಲ್ಲಬೇಕೆಂಬುದು ತಲೆತಲಾಂತರದಿಂದ ಖಚಿತ.

ಪಟ್ಟ ಉಳಿಸಿಕೊಳ್ಳುವುದರ ಬಗ್ಗೆ ಕನ್ನಡನಾಡಿನಲ್ಲಿ ಎಲ್ಲಕ್ಕಿಂತ ಹೆಸರಾದ ಕಥೆಯೂ ಮೈಸೂರಿನದೇ. 1638ರಲ್ಲಿ ಪಟ್ಟಕ್ಕೆ ಬಂದ ಕಂಠೀರವ ನರಸರಾಜ ಒಡೆಯರು ಅದಕ್ಕೆ ಮೊದಲು ತೆರಕಣಾಂಬಿಯಲ್ಲಿದ್ದ ಕಾಲದ ಕಥೆ ಅದು. 1810ರಲ್ಲಿ ಮೊದಲ ಸಂಪುಟ ಅಚ್ಚಾದ ತನ್ನ ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ಬರೆದಿಟ್ಟಿದ್ದಾನೆ. ತಿರುಚಿನಾಪಳ್ಳಿಯಲ್ಲಿ ಸೋಲರಿಯದ ಒಬ್ಬ ಜಟ್ಟಿಯಿದ್ದ. ಅವನು ತನ್ನ ಚಲ್ಲಣವನ್ನು ಊರಬಾಗಿಲ ಮೇಲೆ ತೂಗುಹಾಕಿಸಿದ್ದ. ಬಾಗಿಲಲ್ಲಿ ಬರುವ ಮಲ್ಲರೆಲ್ಲ ಅದರ ಕೆಳಗೆ ತಲೆತಗ್ಗಿಸಿ ನುಸುಳಬೇಕು. ನುಸುಳಿದರೆ ಸೋಲೊಪ್ಪಿದಂತೆ, ಇಲ್ಲವಾದರೆ ಅವನೊಡನೆ ಸೆಣಸಬೇಕು. ಈ ಸುದ್ದಿ ದೇಶಸಂಚಾರಿಯೊಬ್ಬನಿಂದ ಕಂಠೀರವನ ಕಿವಿಗೆ ಬಿತ್ತು. ವೇಷ ಮರೆಸಿಕೊಂಡು ಹೋದ, ಚಲ್ಲಣವನ್ನು ಕಿತ್ತೆಸೆದ, ಮರುದಿನ ಅಲ್ಲಿನ ಆಸ್ಥಾನದಲ್ಲಿ ಕತ್ತಿ ಹಿಡಿದು ನಿಂತು ಜಟ್ಟಿಯನ್ನು ಕೊಂದ. ಅರಸ ಕರೆದು ಸನ್ಮಾನಿಸುವ ಮೊದಲೇ, ತಾನು ಯಾರೆಂದು ಹೇಳದೆ ಊರು ಬಿಟ್ಟು ಬಂದ.

ಇದರಲ್ಲಿ ಇತಿಹಾಸವೆಷ್ಟು, ಹಾಡುಗಬ್ಬವೆಷ್ಟು ಎಂಬುದು ಪಂಡಿತರ ಚರ್ಚೆ. 1960ರಲ್ಲಿ ರಾಜಕುಮಾರ್ ‘ರಣಧೀರ ಕಂಠೀರವ’ನಾಗಿ ತೆರೆಯ ಮೇಲೆ ಬಂದ ಮೇಲಂತೂ ಕಥೆ ಮನೆಮನೆಗೆ ಹೋಯಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಓಟಕ್ಕೆಂದು ಹೋಗಿ ಬರುವ ಕೋಲಾರದ ಮಕ್ಕಳು ಆ ಹೆಸರನ್ನು ಬಸ್ಸಿನ ನಿಲ್ದಾಣದ ಹೆಸರಿನಂತೆ ಹೇಳುತ್ತಾರೆ, ಅದು ಬೇರೆ ಮಾತು. ಕಥೆಯಲ್ಲಿ ಗಮನಿಸಬೇಕಾದವರು ಇಬ್ಬರು. ಒಬ್ಬ, ಪಟ್ಟವನ್ನು ಬಾಗಿಲಿಗೆ ಕಟ್ಟಿ ಕೂತವನು. ಅವನು ಆಡುವುದನ್ನು ಬಿಟ್ಟು ಬಹಳ ದಿನವಾಗಿರಬೇಕು. ಅವನ ಚಲ್ಲಣವೇ ಅವನ ಪರವಾಗಿ ಆಡುತ್ತಿತ್ತು. ಇನ್ನೊಬ್ಬ, ಗೆದ್ದ ಪಟ್ಟವನ್ನು ತೆಗೆದುಕೊಳ್ಳದೆ ಬಂದವನು. ಸೋತವನಿಗೆ ನೆಲ ತಟ್ಟುವ ಅವಕಾಶವಿಲ್ಲದ ಆ ಕಾಲದ ಕ್ರೌರ್ಯವನ್ನು ಮೆಚ್ಚಬೇಕಾಗಿಲ್ಲ. ಆದರೆ ಬಿಟ್ಟು ಬಂದ ಆ ನಡೆ ಜನರ ನೆನಪಿನಲ್ಲಿ ಉಳಿದದ್ದು ಸುಮ್ಮನೆ ಅಲ್ಲ.

ಈಗ ಅಬುಧಾಬಿಗೆ ಮರಳಬಹುದು.

ಖಬೀಬ್ ಹುಟ್ಟಿದ್ದು 1988ರ ಸೆಪ್ಟೆಂಬರ್ 20ರಂದು, ರಷ್ಯಾದ ದಾಗೆಸ್ತಾನದ ಸಿಲ್ದಿ ಎಂಬ ಬೆಟ್ಟದ ಹಳ್ಳಿಯಲ್ಲಿ. ತಂದೆ ಅಬ್ದುಲ್ಮನಾಪ್ ಕುಸ್ತಿ, ಜೂಡೋ, ಸಾಂಬೋ ಬಲ್ಲ ವಸ್ತಾದ. ಸಾಂಬೋ ಎಂದರೆ ರಷ್ಯಾದಲ್ಲಿ ಬೆಳೆದ ಕುಸ್ತಿಯ ಒಂದು ಬಗೆ. ಎರಡು ಅಂತಸ್ತಿನ ಮನೆಯ ಕೆಳಭಾಗವನ್ನೇ ಗರಡಿ ಮಾಡಿಕೊಂಡು ತಂದೆ ಊರ ಹುಡುಗರಿಗೆಲ್ಲ ಕಲಿಸುತ್ತಿದ್ದರು. ಮಗ ಎಂಟನೆಯ ವಯಸ್ಸಿಗೆ ಅಲ್ಲೇ ಶುರುಮಾಡಿದ. ಒಂಬತ್ತನೆಯ ವಯಸ್ಸಿನಲ್ಲಿ ಕರಡಿಮರಿಯೊಂದಿಗೆ ಕುಸ್ತಿ ಹಿಡಿಯುತ್ತಿರುವ ಅವನ ಚಿತ್ರಸುರುಳಿ ಪ್ರಸಿದ್ಧ. ಅದನ್ನು ನೋಡಿ ಹುರುಪುಗೊಳ್ಳುವ ಮಕ್ಕಳಿಗೆ ಒಂದು ಮಾತು: ಅದು ಅನುಕರಣೆಗೆ ತಕ್ಕದ್ದಲ್ಲ, ಕರಡಿಯ ದೃಷ್ಟಿಯಿಂದಲೂ!

ಅವನ ಆಟದಲ್ಲಿ ಬೆಡಗು ಕಡಿಮೆ. ಎದುರಾಳಿಯನ್ನು ಬೇಲಿಗೆ ಒತ್ತುವುದು, ಕಾಲು ಸುತ್ತಿ ಕೆಡವುವುದು, ಅವನ ಕಾಲುಗಳಿಗೆ ತನ್ನ ಕಾಲನ್ನೇ ಸಂಕೋಲೆಯಂತೆ ಹೆಣೆದು ಏಳದಂತೆ ಮಾಡುವುದು, ನಿಧಾನವಾಗಿ ಉಸಿರು ಕಟ್ಟಿಸುವುದು. ಹೀಗೇ ಬರುತ್ತಾನೆಂದು ಎಲ್ಲರಿಗೂ ಮೊದಲೇ ಗೊತ್ತು. ಆದರೂ ಯಾರಿಗೂ ತಡೆಯಲಾಗಲಿಲ್ಲ. 2012ರಲ್ಲಿ ಯು.ಎಫ್.ಸಿ.ಗೆ ಕಾಲಿಟ್ಟವನು 2018ರ ಏಪ್ರಿಲ್ 7ರಂದು 70 ಕಿಲೋ ವರ್ಗದ ಪಟ್ಟ ಗೆದ್ದ. ನಡುವೆ ಎಡವಿದ್ದೂ ಉಂಟು. 2017ರಲ್ಲಿ ತೂಕ ಇಳಿಸಲು ಹೋಗಿ ಆಸ್ಪತ್ರೆ ಸೇರಿ, ಬಹುದಿನದಿಂದ ಎಲ್ಲರೂ ಕಾಯುತ್ತಿದ್ದ ಕಾಳಗವೇ ರದ್ದಾಯಿತು. ಪಂದ್ಯಕ್ಕೆ ಮುನ್ನ ನೀರು ಬಿಟ್ಟು ಬೆವರಿಳಿಸಿ ತೂಕ ಕಳೆಯುವ ಈ ದುರಭ್ಯಾಸ ಈ ಆಟದ ನಿಜವಾದ ರೋಗ. ಶಾಲಾ ಕುಸ್ತಿಯ ಹುಡುಗರೂ ಇದನ್ನು ನೋಡಿ ಕಲಿಯುವ ಅಪಾಯವಿದೆ.

ಇನ್ನೂ ದೊಡ್ಡ ಎಡವು 2018ರ ಅಕ್ಟೋಬರ್ 6ರಂದು, ಲಾಸ್ ವೇಗಸ್ಸಿನಲ್ಲಿ. ಎದುರಾಳಿ ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್. ತಿಂಗಳುಗಟ್ಟಲೆ ಬಾಯಿಗೆ ಬಂದಂತೆ ಆಡಿದ್ದ. ತಂದೆಯ ಮೇಲೆ, ಧರ್ಮದ ಮೇಲೆ, ಊರಿನ ಮೇಲೆ. ನಾಲ್ಕನೆಯ ಸುತ್ತಿನಲ್ಲಿ ಖಬೀಬ್ ಅವನ ಕತ್ತಿಗೆ ಪಟ್ಟು ಹಾಕಿದ, ಮೆಕ್‌ಗ್ರೆಗರ್ ತಟ್ಟಿದ, ಪಟ್ಟು ಸಡಿಲಿತು. ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಗೆದ್ದವನು ಬೇಲಿ ಹಾರಿ ಎದುರಾಳಿಯ ಸಂಗಡಿಗನ ಮೇಲೆ ಎರಗಿದ. ಎರಡೂ ಕಡೆಯವರು ಕೈಕೈ ಮಿಲಾಯಿಸಿ ಸಂತೆಯಾಯಿತು. ನೆವಾಡಾದ ಕ್ರೀಡಾ ಆಯೋಗ ಅವನಿಗೆ ಒಂಬತ್ತು ತಿಂಗಳ ನಿಷೇಧವನ್ನೂ 5 ಲಕ್ಷ ಡಾಲರ್ ದಂಡವನ್ನೂ ಹಾಕಿತು. ಆದರೆ ಆ ರಾತ್ರಿ ಪತ್ರಕರ್ತರ ಮುಂದೆ ಕ್ಷಮೆ ಕೇಳಿದ ಖಬೀಬನಿಗೆ ಆಯೋಗಕ್ಕಿಂತ ಹೆಚ್ಚಾಗಿ ಮನೆಯ ಹೆದರಿಕೆ: ಊರಿಗೆ ಹೋದರೆ ಅಪ್ಪ ಬಿಡುವುದಿಲ್ಲ ಎಂಬರ್ಥದ ಮಾತು ಹೇಳಿದ. ಜಗತ್ತಿನ ಪಟ್ಟ ಸೊಂಟದಲ್ಲಿದೆ, ಮೂವತ್ತು ವಯಸ್ಸಾಗಿದೆ, ಆದರೂ ಅಪ್ಪನ ಭಯ. ಅಪ್ಪನೂ ಅಷ್ಟೇ, ತಾನು ಕೊಡುವ ಶಿಕ್ಷೆ ಆಯೋಗದ ಶಿಕ್ಷೆಗಿಂತ ಕಠಿಣ ಎಂದರು. ಮಗ ಗೆದ್ದ ದಿನವೇ ಮಗನ ತಪ್ಪನ್ನು ಬಹಿರಂಗವಾಗಿ ತಪ್ಪೆನ್ನುವ ತಂದೆಯರು ಎಷ್ಟು ಮಂದಿ ಸಿಗುತ್ತಾರೆ? ಹತ್ತನೆಯ ತರಗತಿಯಲ್ಲಿ 95 ಅಂಕ ಬಂದರೆ ಮಿಕ್ಕ ಎಲ್ಲವನ್ನೂ ಮಾಫಿ ಮಾಡುವ ಮನೆಗಳಿವೆ.

ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಡಸ್ಟಿನ್ ಪೊಯ್ರಿಯೇ ಎದುರಾದ. ಮೂರನೆಯ ಸುತ್ತಿನಲ್ಲಿ ಅವನೂ ತಟ್ಟಿದ. ಈ ಸಲ ಗೆದ್ದವನು ಸೋತವನ ಅಂಗಿ ಕೇಳಿ ಪಡೆದು ತಾನು ತೊಟ್ಟ. ತನ್ನ ಅಂಗಿಯನ್ನು ಅವನ ಧರ್ಮಕಾರ್ಯಕ್ಕೆಂದು ಕೊಟ್ಟ. ಅದು ಹರಾಜಿನಲ್ಲಿ 1 ಲಕ್ಷ ಡಾಲರಿಗೆ ಹೋಗಿ, ಆಫ್ರಿಕಾದ ಉಗಾಂಡಾದಲ್ಲಿ ಕುಡಿಯುವ ನೀರಿನ ಬಾವಿಗಳಿಗೆ ಸಂದಿತು. ಕೊಳವೆಬಾವಿಯ ಆಳವನ್ನು ಅಡಿಗಳಲ್ಲಿ ಬಾಯಿಪಾಠ ಬಲ್ಲ ಕೋಲಾರ ಜಿಲ್ಲೆಯವರಿಗೆ ಆ ಅಂಗಿಯ ಬೆಲೆ ಬೇಗ ಅರ್ಥವಾಗುತ್ತದೆ. ಒಂದು ವರ್ಷದ ಹಿಂದೆ ಬೇಲಿ ಹಾರಿದ್ದವನೇ ಇವನು ಎಂಬುದನ್ನು ನೆನಪಿಡಬೇಕು.

2020 ಬಂತು. ಕೊರೊನಾ ಎಲ್ಲ ಮನೆಗಳಿಗೂ ಬಂದಂತೆ ಆ ಮನೆಗೂ ಬಂತು. ಜುಲೈ 3ರಂದು ಅಬ್ದುಲ್ಮನಾಪ್ ತೀರಿಕೊಂಡರು. ಅಕ್ಟೋಬರಿನ ಕಾಳಗ ಅಪ್ಪನಿಲ್ಲದ ಮೊದಲ ಕಾಳಗ. ಎದುರಾಳಿ ಜಸ್ಟಿನ್ ಗೇಚಿ. ಕಾಲೇಜಿನ ದಿನಗಳಲ್ಲಿ ಹೆಸರಾಂತ ಕುಸ್ತಿಪಟು, ಒದೆತದಲ್ಲೂ ಗುದ್ದಿನಲ್ಲೂ ಭಯಂಕರ. ಪ್ರೇಕ್ಷಕರನ್ನು ಬಿಡದ ಅಖಾಡದಲ್ಲಿ ಪ್ರತಿ ಒದೆತದ ಸದ್ದೂ ಕೇಳುತ್ತಿತ್ತು. ಖಬೀಬನ ಕಾಲ್ಬೆರಳು ಕೆಲವು ವಾರಗಳ ಹಿಂದೆ ಮುರಿದಿತ್ತೆಂದು ಆಮೇಲೆ ತಿಳಿಯಿತು. ಮೊದಲ ಸುತ್ತಿನಲ್ಲಿ ಗೇಚಿಯ ಒದೆತಗಳನ್ನು ತಿನ್ನುತ್ತಲೇ ಮುಂದೆ ಮುಂದೆ ನಡೆದ. ಎರಡನೆಯ ಸುತ್ತಿನಲ್ಲಿ ಕೆಡವಿದ, ಮೇಲೇರಿದ, ಎದುರಾಳಿಯ ತೋಳು ಕೈಗೆ ಸಿಕ್ಕಿತು. ಆ ತೋಳನ್ನು ಹಿಂದಕ್ಕೆ ಮುರಿಯುವ ಪಟ್ಟು ಹಾಕಬಹುದಿತ್ತು. ಹಾಕಲಿಲ್ಲ. ಅಲ್ಲಿಂದ ಬದಲಿಸಿ ತನ್ನೆರಡು ಕಾಲುಗಳಿಂದ ಕತ್ತನ್ನೂ ಒಂದು ತೋಳನ್ನೂ ಸೇರಿಸಿ ಮುಕ್ಕೋನವಾಗಿ ಬಿಗಿದ. ಏಕೆ ಬದಲಿಸಿದ ಎಂಬುದನ್ನು ಹಿಂದಿನ ಪಟ್ಟದಾರ, ಅವನ ಗೆಳೆಯ ಡೇನಿಯಲ್ ಕಾರ್ಮಿಯರ್ ಆಮೇಲೆ ಹೇಳಿದ. ಕೈ ಮುರಿದರೂ ತಟ್ಟುವುದಿಲ್ಲ ಎಂಬ ಜಾತಿಯ ಛಲಗಾರ ಗೇಚಿ. ಅವನ ತಂದೆ ತಾಯಿ ನೋಡುತ್ತಿದ್ದರು. ಅವರ ಕಣ್ಣೆದುರು ಮಗನ ಕೈ ಮುರಿಯಲು ಖಬೀಬನಿಗೆ ಮನಸ್ಸಾಗಲಿಲ್ಲವಂತೆ. ಕತ್ತಿನ ಪಟ್ಟಾದರೆ ಎಚ್ಚರ ತಪ್ಪುತ್ತದೆ, ಮತ್ತೆ ಬರುತ್ತದೆ. ಮೂಳೆ ಹಾಗಲ್ಲ.

ಗೇಚಿ ತಟ್ಟಿದ. ತೀರ್ಪುಗಾರನಿಗೆ ಅದು ಕೂಡಲೇ ಕಾಣಲಿಲ್ಲ. ಕ್ಷಣಕಾಲ ಗೇಚಿಯ ಕಣ್ಣು ಮುಚ್ಚಿತು, ಆಗ ಬಿಡಿಸಿದರು. ಎರಡನೆಯ ಸುತ್ತಿನ 1 ನಿಮಿಷ 34 ಸೆಕೆಂಡು. ಆಮೇಲೆ ನಡೆದದ್ದೇ ಮೊದಲು ಹೇಳಿದ ಅಳು. ಎದ್ದು ಬಂದ ಗೇಚಿ ಅವನನ್ನು ತಬ್ಬಿ, ನಿನ್ನ ತಂದೆಗೆ ಹೆಮ್ಮೆಯಾಗುವಂತೆ ಮಾಡಿದೆ ಎಂದು ಸಮಾಧಾನ ಹೇಳಿದ. ಸೋತವನು ಗೆದ್ದವನಿಗೆ ಸಮಾಧಾನ ಹೇಳುವ ದೃಶ್ಯ ದಿನಾ ಕಾಣುವಂಥದ್ದಲ್ಲ. ಖಬೀಬ್ ಧ್ವನಿವರ್ಧಕ ಹಿಡಿದು, ಇದೇ ತನ್ನ ಕೊನೆಯ ಕಾಳಗವೆಂದ. ಅಪ್ಪನಿಲ್ಲದೆ ಆಡುವುದನ್ನು ಅಮ್ಮ ಒಪ್ಪಿರಲಿಲ್ಲ. ಮೂರು ದಿನ ಮಾತಾಡಿ, ಇದೊಂದೇ ಎಂದು ಮಾತು ಕೊಟ್ಟು ಬಂದಿದ್ದ. ಆಗ ಅವನಿಗೆ 32 ವರ್ಷ. ಆಡಿದ್ದು 29, ಗೆದ್ದದ್ದು 29.

ಮೂವತ್ತಾಗಲಿ ಎಂದು ಜಗತ್ತು ಆಸೆಪಟ್ಟಿತು. ಸಂಸ್ಥೆಯ ಯಜಮಾನ ಡೇನಾ ವೈಟ್ ತಿಂಗಳುಗಟ್ಟಲೆ ಮನವೊಲಿಸಲು ನೋಡಿದ. ದುಡ್ಡಿನ ಮಾತು ಕೋಟಿಗಳಲ್ಲಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. 2021ರ ಮಾರ್ಚಿನಲ್ಲಿ ಪಟ್ಟ ಖಾಲಿಯೆಂದು ಘೋಷಿಸಬೇಕಾಯಿತು. 2022ರಲ್ಲಿ ಯು.ಎಫ್.ಸಿ. ತನ್ನ ಕೀರ್ತಿಶಾಲಿಗಳ ಸಾಲಿಗೆ ಅವನನ್ನು ಸೇರಿಸಿತು.

ಲೆಕ್ಕ ಹಿಡಿಯುವವರ ತಕರಾರು ಇಲ್ಲದಿಲ್ಲ. ಖಬೀಬ್ ಪಟ್ಟ ಉಳಿಸಿಕೊಂಡದ್ದು ಮೂರೇ ಸಲ. ಡಿಮಿಟ್ರಿಯಸ್ ಜಾನ್ಸನ್ ಸತತ 11 ಸಲ ಉಳಿಸಿಕೊಂಡ, ಬ್ರೆಜಿಲಿನ ಆಂಡರ್ಸನ್ ಸಿಲ್ವಾ 10 ಸಲ. ಅಂಕಿಯ ಮುಂದೆ ವಾದವಿಲ್ಲ. ಜಾನ್ಸನ್ನನ ಚಾತುರ್ಯ ಖಬೀಬನಲ್ಲಿಲ್ಲ ಎಂದರೂ ತಪ್ಪಾಗದು. ಆದರೆ ಸಿಲ್ವಾನ ಕೊನೆಯನ್ನೂ ನೋಡಬೇಕು. 2006ರಿಂದ ಪಟ್ಟ ಹಿಡಿದಿದ್ದವನು 2013ರ ಜುಲೈನಲ್ಲಿ ಕೈ ಕೆಳಗಿಳಿಸಿ ಎದುರಾಳಿ ಕ್ರಿಸ್ ವೈಡ್‌ಮನ್ನನನ್ನು ಅಣಕಿಸುತ್ತ ನಿಂತಾಗಲೇ ಗುದ್ದು ಬಿತ್ತು, ಪಟ್ಟ ಹೋಯಿತು. ಮರಳಿ ಪಡೆಯಲು ಡಿಸೆಂಬರಿನಲ್ಲಿ ಬಂದಾಗ ಒದೆಯಲು ಹೋಗಿ ತನ್ನ ಕಾಲಿನ ಮೂಳೆಯನ್ನೇ ಮುರಿದುಕೊಂಡ. ಕೈ ಕೆಳಗಿಳಿಸಿ ನಿಂತ ಆ ಗಳಿಗೆಯಲ್ಲಿ ಸಿಲ್ವಾನ ಪರವಾಗಿ ಆಡುತ್ತಿದ್ದದ್ದೂ ತಿರುಚಿನಾಪಳ್ಳಿಯ ಚಲ್ಲಣವೇ.

ಖಬೀಬ್ ಬಿಟ್ಟ ಪಟ್ಟದ ಮುಂದಿನ ಕಥೆ ಇನ್ನೂ ಚೆಂದ. 2022ರ ಅಕ್ಟೋಬರ್ 22ರಂದು, ಅದೇ ಅಬುಧಾಬಿಯಲ್ಲಿ, ಅದನ್ನು ಗೆದ್ದವನು ಇಸ್ಲಾಂ ಮಖಚೆವ್. ಅಬ್ದುಲ್ಮನಾಪರ ಕೈಯಲ್ಲೇ ಪಳಗಿದ, ಖಬೀಬನ ಜೊತೆಯಲ್ಲೇ ಬೆಳೆದ ಹುಡುಗ. ಮೂಲೆಯಲ್ಲಿ ನಿಂತು ಹೇಳಿಕೊಡುತ್ತಿದ್ದವನು ಖಬೀಬ್, ಒಂದು ಕಾಲಕ್ಕೆ ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ.

ಇನ್ನು ಮನೆಯ ಮಾತು. ಈ ಆಟ ಗಂಡುಮಕ್ಕಳದ್ದು ಮಾತ್ರ ಎಂದುಕೊಳ್ಳುವಂತಿಲ್ಲ. 2024ರ ಜೂನ್ 8ರಂದು ಉತ್ತರ ಪ್ರದೇಶದ ಪೂಜಾ ತೋಮರ್ ಯು.ಎಫ್.ಸಿ.ಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದಳು. ಕಲಿಯಬೇಕೆಂಬ ಹಟ ಮಾಲೂರಿನಲ್ಲೋ ಮುಳಬಾಗಿಲಿನಲ್ಲೋ ಯಾವ ಮನೆಯಲ್ಲಾದರೂ ಬರಬಹುದು. ಬೆಳೆಯುವ ವಯಸ್ಸಿನ ತಲೆಗೆ ಮತ್ತೆ ಮತ್ತೆ ಬೀಳುವ ಗುದ್ದು ಮಿದುಳಿಗೆ ಕೇಡು. ಈ ವಿಷಯದಲ್ಲಿ ಅಪ್ಪಂದಿರ ಭಯ ನ್ಯಾಯವಾದದ್ದೇ. ತಲೆಗೆ ಹೊಡೆತವಿಲ್ಲದ ಕುಸ್ತಿ, ಜೂಡೋಗಳಿಂದ ಆರಂಭಿಸಿದರೆ ಏನೂ ನಷ್ಟವಿಲ್ಲ. ಖಬೀಬನೂ ಅಲ್ಲಿಂದಲೇ ಆರಂಭಿಸಿದ್ದು. ಊರಿನಲ್ಲಿ ಗರಡಿಮನೆ ಉಳಿದಿದ್ದರೆ ಅದೂ ಆದೀತು.

ಸೇರಿಸುವ ಮುನ್ನ ಒಂದು ಸಂಜೆ ಹೋಗಿ ಮೂಲೆಯಲ್ಲಿ ಕೂತು ನೋಡಿದರಾಯಿತು. ಗೋಡೆಯ ಮೇಲಿನ ಪದಕಗಳನ್ನು ಎಣಿಸುವುದು ಬೇಡ, ಯಾರು ಜೋರಾಗಿ ಗುದ್ದುತ್ತಾರೆಂದು ನೋಡುವುದೂ ಬೇಡ. ಸಣ್ಣ ಹುಡುಗ ನೆಲ ತಟ್ಟಿದಾಗ ದೊಡ್ಡ ಹುಡುಗನ ಕೈ ಎಷ್ಟು ಬೇಗ ಸಡಿಲುತ್ತದೆ, ಸಡಿಲದಿದ್ದರೆ ವಸ್ತಾದ ಎಷ್ಟು ಬೇಗ ಎದ್ದು ಬರುತ್ತಾನೆ, ಅಷ್ಟನ್ನು ನೋಡಿಕೊಂಡು ಬಂದರೆ ಸಾಕು.